ಮನೆ ಲ್ಯಾಪ್‌ಟಾಪ್‌ಗೆ ಯಾವ ಆಂಟಿವೈರಸ್ ಹಾಕಲಿ? ಅಪ್ಪ ದಿನಾ ಕೆಂಪು ಚೌಕ ನೋಡಿ ಹೆದರುತ್ತಿದ್ದಾರೆ

ಮಲ್ಲಿಗೆಬಳ್ಳಿ:

ನಮಸ್ಕಾರ. ಮನೆಯ ಲ್ಯಾಪ್‌ಟಾಪ್‌ಗೆ ಯಾವ ಆಂಟಿವೈರಸ್ ಹಾಕಬೇಕು ಅಂತ ತಿಳಿದವರು ದಯವಿಟ್ಟು ಹೇಳಿ. ಒಂದು ವಾರದಿಂದ ಓದಿ ಓದಿ ತಲೆ ಕೆಟ್ಟಿದೆ. ಒಬ್ಬರು ಹೊಗಳಿದ್ದನ್ನೇ ಇನ್ನೊಬ್ಬರು ಹತ್ತಿರಕ್ಕೂ ಸೇರಿಸಬೇಡಿ ಅನ್ನುತ್ತಾರೆ.

ಲ್ಯಾಪ್‌ಟಾಪ್‌ನಲ್ಲಿರುವುದು ವಿಂಡೋಸ್ 11, ಮೆಮೊರಿ 8 ಜಿಬಿ. ಮೂರು ಜನ ಬಳಸುತ್ತೇವೆ. ಬೆಳಿಗ್ಗೆ ಅಪ್ಪ ಕೂರುತ್ತಾರೆ. ಅವರಿಗೆ 74 ವರ್ಷ. ಪೇಪರ್ ಓದುತ್ತಾರೆ, ಹಳೇ ಹಾಡು ಕೇಳುತ್ತಾರೆ, ಬ್ಯಾಂಕಿನ ಖಾತೆ ನೋಡುತ್ತಾರೆ. ಮಧ್ಯಾಹ್ನ ನಾನು ಇಬ್ಬರು ಮೂವರ ವ್ಯಾಪಾರದ ಲೆಕ್ಕ ಬರೆಯುತ್ತೇನೆ. ಸಂಜೆ ಮಗನ ಸರದಿ, ಒಂಬತ್ತನೇ ಕ್ಲಾಸು. ಗೇಮ್ ಆಡುತ್ತಾನೆ, ಅದಕ್ಕೆ ಬೇಕು ಅಂತ ಏನೇನೋ ಡೌನ್‌ಲೋಡ್ ಮಾಡುತ್ತಾನೆ.

ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದ ಆಂಟಿವೈರಸ್‌ನ ಟ್ರಯಲ್ ಮುಗಿದು ನಾಲ್ಕು ತಿಂಗಳಾಯಿತು. ರಿನ್ಯೂ ಮಾಡಿ ಅಂತ ದಿನಾ ಕೇಳುತ್ತದೆ. ಅದಕ್ಕಿಂತ ಚಿಂತೆಯಾಗಿರುವುದು ಬೇರೆ. ಎರಡು ವಾರದಿಂದ ಪರದೆಯ ಬಲಗಡೆ, ಕೆಳಗಿನ ಮೂಲೆಯಲ್ಲಿ, ಒಂದು ಕೆಂಪು ಚೌಕ ಬರುತ್ತಿದೆ. ‘ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಸಿಕ್ಕಿವೆ, ಈಗಲೇ ತೆಗೆಯಿರಿ’ ಅಂತ. ಮುಚ್ಚಿದರೆ ಹತ್ತು ನಿಮಿಷಕ್ಕೆ ಇನ್ನೊಂದು.

ಮೊನ್ನೆ ನಾನು ಹೊರಗೆ ಹೋಗಿದ್ದಾಗ ಅಪ್ಪ ಅದನ್ನು ಒತ್ತಿದ್ದಾರೆ. ಪರದೆ ತುಂಬ ಎಚ್ಚರಿಕೆ, ಕಿವಿಗೆ ಹೊಡೆಯುವ ಹಾಗೆ ಬೀಪ್ ಸದ್ದು, ಜೊತೆಗೊಂದು ಫೋನ್ ನಂಬರ್. ನಾನು ಬಂದಾಗ ಮೇಜಿನ ಮೇಲೆ ಒಂದು ಚೀಟಿ ಇತ್ತು. ಆ ನಂಬರನ್ನು ಅಪ್ಪ ತಮ್ಮ ದುಂಡು ಅಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ‘ನೀನು ಬಂದ ಮೇಲೆ ಫೋನ್ ಮಾಡೋಣ ಅಂತ ಕಾಯ್ತಾ ಇದ್ದೆ’ ಅಂದರು. ನನ್ನ ಎದೆ ಧಸಕ್ ಅಂದಿತು.

ದುಡ್ಡು ಕೊಟ್ಟೇ ತೆಗೆದುಕೊಳ್ಳಬೇಕಾ, ಉಚಿತದ್ದು ಸಾಕಾ? ಎರಡು ಹಾಕಿದರೆ ಇನ್ನೂ ಭದ್ರವಾ? ಅಪ್ಪನ ಬ್ಯಾಂಕ್ ಖಾತೆ, ನನ್ನ ಲೆಕ್ಕ ಎರಡೂ ಇದೇ ಯಂತ್ರದಲ್ಲಿವೆ. ಅದಕ್ಕೇ ಭಯ.

ಸ್ಕ್ರೂಡ್ರೈವರ್:

ಮೇಡಂ, ಮೊದಲು ಆ ಚೀಟಿಯನ್ನು ಹರಿದು ಹಾಕಿ. ನಿಮ್ಮ ಅಪ್ಪ ಕಾದಿದ್ದು ದೊಡ್ಡ ಪುಣ್ಯ. ಮನೆಗಳ ಕಂಪ್ಯೂಟರ್ ರಿಪೇರಿ ಮಾಡುತ್ತಾ ನನಗೆ ಹದಿನೆಂಟು ವರ್ಷವಾಯಿತು. ಈಚೆಗೆ ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ವೈರಸ್‌ನಿಂದ ನೊಂದವರಲ್ಲ, ಇಂಥ ನಂಬರ್‌ಗೆ ಫೋನ್ ಮಾಡಿದವರು.

ಆ ಕಡೆ ಒಬ್ಬರು ತುಂಬ ಮರ್ಯಾದೆಯಿಂದ ಮಾತಾಡುತ್ತಾರೆ. ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ಹಾಕಿಸಿಕೊಂಡು ನಿಮ್ಮ ಪರದೆಯೊಳಗೆ ಬರುತ್ತಾರೆ. ಆಮೇಲೆ ವಿಂಡೋಸ್ ತನ್ನೊಳಗೆ ನಡೆದದ್ದನ್ನೆಲ್ಲ ಬರೆದಿಡುವ ಈವೆಂಟ್ ವ್ಯೂವರ್ ತೆರೆದು, ಅದರಲ್ಲಿರುವ ಕೆಂಪು ಹಳದಿ ಗುರುತುಗಳನ್ನೆಲ್ಲ ತೋರಿಸಿ ‘ನೋಡಿ, ಇಷ್ಟೂ ವೈರಸ್’ ಅನ್ನುತ್ತಾರೆ. ಆ ಗುರುತುಗಳು ಯಾವ ತೊಂದರೆಯೂ ಇಲ್ಲದ ವಿಂಡೋಸ್‌ನಲ್ಲೂ ಇರುತ್ತವೆ. ಯಾವುದೋ ಸೇವೆ ಶುರುವಾಗುವುದು ತಡವಾಯಿತು ಅಂತಲೂ ಅದು ಬರೆದಿಟ್ಟುಕೊಳ್ಳುತ್ತದೆ. ಅದನ್ನು ಮೊದಲ ಸಲ ನೋಡಿದವರಿಗೆ ಕೈಕಾಲು ನಡುಗದೆ ಇರುತ್ತದಾ? ಆ ನಡುಕದಲ್ಲೇ ಬ್ಯಾಂಕಿನ ಪೇಜ್ ತೆರೆಸುತ್ತಾರೆ.

ಈಗ ಆ ಕೆಂಪು ಚೌಕದ ವಿಷಯ. ಅದು ವೈರಸ್ ಅಲ್ಲ, ಆಂಟಿವೈರಸ್ ಕೊಟ್ಟ ಎಚ್ಚರಿಕೆಯೂ ಅಲ್ಲ. ಅದು ಬ್ರೌಸರ್‌ನಿಂದ ಬರುತ್ತಿರುವ ನೋಟಿಫಿಕೇಶನ್. ಮುಂದಿನ ಸಲ ಬಂದಾಗ ಮುಚ್ಚಬೇಡಿ, ಹತ್ತಿರ ಹೋಗಿ ನೋಡಿ. ದೊಡ್ಡ ಅಕ್ಷರಗಳ ಪಕ್ಕ ಸಣ್ಣ ಬೂದು ಅಕ್ಷರದಲ್ಲಿ ಕ್ರೋಮ್ ಅಥವಾ ಎಡ್ಜ್ ಅಂತ ಇರುತ್ತದೆ, ಅದರ ಜೊತೆ ಯಾವುದೋ ಗುರುತು ಪರಿಚಯವಿಲ್ಲದ ಸೈಟಿನ ವಿಳಾಸ. ಯಾವತ್ತೋ ಒಂದು ದಿನ ಒಂದು ಸೈಟ್ ‘ನೀವು ರೋಬೋಟ್ ಅಲ್ಲ ಅಂತ ತಿಳಿಸಲು ಅಲೋ ಒತ್ತಿ’ ಅಂದಿರುತ್ತದೆ. ಒತ್ತಿರುತ್ತೀರಿ. ಅಲ್ಲಿಗೆ, ಆ ಸೈಟ್ ಮುಚ್ಚಿದ್ದರೂ ಬೇಕಾದಾಗ ನಿಮ್ಮ ಪರದೆಗೆ ಸಂದೇಶ ಕಳಿಸಲು ಅದಕ್ಕೆ ಅನುಮತಿ ಸಿಕ್ಕಿತು.

ಕ್ರೋಮ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅಲ್ಲಿಂದ ಸೈಟ್ ಸೆಟ್ಟಿಂಗ್ಸ್, ಅಲ್ಲಿಂದ ನೋಟಿಫಿಕೇಶನ್ಸ್. ಅನುಮತಿ ಪಡೆದ ಸೈಟುಗಳ ಪಟ್ಟಿ ಅಲ್ಲಿರುತ್ತದೆ. ಗೊತ್ತಿಲ್ಲದ್ದನ್ನೆಲ್ಲ ತೆಗೆದುಬಿಡಿ. ಅದೇ ಪುಟದಲ್ಲಿ, ಯಾವ ಸೈಟೂ ನೋಟಿಫಿಕೇಶನ್ ಕಳಿಸಬಾರದು ಅನ್ನುವ ಆಯ್ಕೆ ಇದೆ. ಅದನ್ನು ಆರಿಸಿದರೆ ಇನ್ನು ಮುಂದೆ ಕೇಳುವುದೂ ಇಲ್ಲ. ಈ ಚೌಕ ನೋಡಿ ಹೆದರಿ ಆಂಟಿವೈರಸ್ ಕೊಂಡವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಕೊಂಡ ಮೇಲೂ ಚೌಕ ಬರುತ್ತಲೇ ಇರುತ್ತದೆ. ಅನುಮತಿ ಕೊಟ್ಟವರು ನಾವೇ ಆದ್ದರಿಂದ ಎಷ್ಟೋ ಸಲ ಆಂಟಿವೈರಸ್ ಅದನ್ನು ಮುಟ್ಟುವುದಿಲ್ಲ.

ಪರದೆ ತುಂಬುವ ಎಚ್ಚರಿಕೆ ಮತ್ತೆ ಬಂದರೆ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ಬ್ರೌಸರನ್ನು ಆರಿಸಿ ಎಂಡ್ ಟಾಸ್ಕ್ ಕೊಡಿ. ಮತ್ತೆ ತೆರೆದಾಗ ‘ರಿಸ್ಟೋರ್’ ಅಂತ ಕೇಳಿದರೆ ಬೇಡ ಅನ್ನಿ. ಇದನ್ನು ಅಪ್ಪನಿಗೆ ಒಂದೆರಡು ಸಲ ಕೈಯಲ್ಲೇ ಮಾಡಿಸಿ.

ಇನ್ನು ಆಯ್ಕೆಯ ಮಾತು. ನೀವು ಹೇಳಿದ ಮನೆಗೆ ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಸಾಕು. ಇದು ಉಡಾಫೆಯ ಮಾತಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಕೇಳಿದ್ದರೆ ನಾನೇ ಬೇರೆ ಹಾಕಿಸಿ ಅನ್ನುತ್ತಿದ್ದೆ. 2006ರಲ್ಲಿ ಅದು ಬರೀ ಸ್ಪೈವೇರ್, ಅಂದರೆ ಕದ್ದು ಮಾಹಿತಿ ಕಳಿಸುವ ಪ್ರೋಗ್ರಾಂ, ಹಿಡಿಯುವ ಸಣ್ಣ ಪ್ರೋಗ್ರಾಂ ಆಗಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗ ಪೂರ್ತಿ ಆಂಟಿವೈರಸ್ ಆಯಿತು. ಶುರುವಿನಲ್ಲಿ ಪರೀಕ್ಷೆಗಳಲ್ಲಿ ಹಿಂದೆಯೇ ಇತ್ತು. ಈಗ ಹಾಗಿಲ್ಲ. ಜರ್ಮನಿಯ ಎವಿ-ಟೆಸ್ಟ್ ಅನ್ನುವ ಪ್ರಯೋಗಾಲಯ ಮೂರು ವಿಷಯಕ್ಕೆ ತಲಾ 6 ಅಂಕ ಕೊಡುತ್ತದೆ: ಎಷ್ಟು ಹಿಡಿಯುತ್ತದೆ, ಕಂಪ್ಯೂಟರನ್ನು ಎಷ್ಟು ನಿಧಾನ ಮಾಡುತ್ತದೆ, ಒಳ್ಳೆಯ ಫೈಲನ್ನು ಕೆಟ್ಟದ್ದು ಅಂತ ಎಷ್ಟು ಸಲ ಕೂಗುತ್ತದೆ. ಒಟ್ಟು 18. ಡಿಫೆಂಡರ್ ಹಲವು ಸಲ ಪೂರ್ತಿ 18 ತೆಗೆದಿದೆ. ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಕೂಡ ಇಂಥದೇ ಪರೀಕ್ಷೆ ಮಾಡುತ್ತದೆ. ಎರಡರ ಫಲಿತಾಂಶವನ್ನೂ ಯಾರು ಬೇಕಾದರೂ ಓದಬಹುದು. ಜಾಹೀರಾತು ಓದುವ ಬದಲು ಅದನ್ನು ಓದಿ. ಒಂದು ತಿಂಗಳ ಅಂಕ ನೋಡಿ ತೀರ್ಮಾನಿಸಬೇಡಿ, ಒಂದೆರಡು ವರ್ಷದ್ದನ್ನು ಸಾಲಾಗಿ ನೋಡಿ.

ಡಿಫೆಂಡರ್‌ಗೆ ಒಂದು ಕುಂದಿದೆ. ಅದು ಇಂಟರ್‌ನೆಟ್ ಇದ್ದಾಗ ಚುರುಕು, ಇಲ್ಲದಾಗ ಸ್ವಲ್ಪ ಮಂಕು. ಅನುಮಾನ ಬಂದ ಫೈಲಿನ ಬಗ್ಗೆ ಮೈಕ್ರೋಸಾಫ್ಟ್ ಸರ್ವರನ್ನು ಕೇಳಿ ತೀರ್ಮಾನಿಸುವುದು ಅದರ ರೀತಿ. ನಿಮ್ಮ ಲ್ಯಾಪ್‌ಟಾಪ್ ಸದಾ ನೆಟ್‌ನಲ್ಲಿ ಇರುವಂಥದ್ದು, ಹಾಗಾಗಿ ತೊಂದರೆ ಕಡಿಮೆ.

ಎರಡು ಹಾಕುವುದು ಮಾತ್ರ ಬೇಡವೇ ಬೇಡ. ಒಂದು ಫೈಲ್ ತೆರೆದ ಕೂಡಲೇ ಎರಡೂ ಅದರ ಮೇಲೆ ಬೀಳುತ್ತವೆ. ಒಂದು ಇನ್ನೊಂದರ ಕೆಲಸವನ್ನೇ ಅನುಮಾನಿಸುತ್ತದೆ. ಒಬ್ಬರ ಮನೆಯಲ್ಲಿ ಲಾಗಿನ್ ಆದ ಮೇಲೆ ಕರ್ಸರ್ ಅಲ್ಲಾಡಲು ಹನ್ನೊಂದು ನಿಮಿಷ ಬೇಕಾಗುತ್ತಿತ್ತು. ಒಂದನ್ನು ತೆಗೆದೆ, ಒಂದು ನಿಮಿಷಕ್ಕೆ ಇಳಿಯಿತು. ಬೇರೆ ಯಂತ್ರಾಂಶ ಏನೂ ಮುಟ್ಟಲಿಲ್ಲ.

ಆ ಅವಧಿ ಮುಗಿದ ಟ್ರಯಲನ್ನು ಇವತ್ತೇ ಅನ್‌ಇನ್‌ಸ್ಟಾಲ್ ಮಾಡಿ. ನಿಮ್ಮ ಮನೆಯಲ್ಲಿ ನನಗೆ ನಿಜವಾಗಿ ಅಪಾಯ ಕಂಡಿದ್ದು ಅಲ್ಲೇ. ಬೇರೆ ಆಂಟಿವೈರಸ್ ಇದ್ದಾಗ ಡಿಫೆಂಡರ್ ತಾನಾಗಿ ಹಿಂದೆ ಸರಿದು ಅದಕ್ಕೆ ಜಾಗ ಕೊಡುತ್ತದೆ. ಹಳೆಯದು ಹೊಸ ವೈರಸ್‌ಗಳ ಪಟ್ಟಿ ತರಿಸಿಕೊಳ್ಳುವುದನ್ನು ನಿಲ್ಲಿಸಿ, ಜಾಗವನ್ನೂ ಬಿಡದೆ ಕೂತಿದ್ದರೆ ಕಾಯುವವರು ಯಾರು? ತೆಗೆದ ಮೇಲೆ ರೀಸ್ಟಾರ್ಟ್ ಮಾಡಿ. ಪೂರ್ತಿ ಹೋಗದಿದ್ದರೆ ಅದೇ ಕಂಪನಿಯ ಸೈಟಿನಲ್ಲಿ ತೆಗೆಯುವ ಟೂಲ್ ಸಿಗುತ್ತದೆ. ಆಮೇಲೆ ವಿಂಡೋಸ್ ಸೆಕ್ಯುರಿಟಿ ತೆರೆದು ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ನಲ್ಲಿ ರಿಯಲ್-ಟೈಮ್ ಪ್ರೊಟೆಕ್ಷನ್, ಕ್ಲೌಡ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇವೆಯಾ ನೋಡಿ. ಅಪ್ಪ ಆ ಪೇಜ್ ತೆರೆದಿದ್ದರಿಂದ ಒಂದು ಸಲ ಆಫ್‌ಲೈನ್ ಸ್ಕ್ಯಾನ್ ಕೂಡ ಮಾಡಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ. ಸುಮಾರು 15 ನಿಮಿಷ.

ಮಗನಿಗೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಡಿ. ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಹತ್ತಿರ ಮಾತ್ರ ಇರಲಿ. ಗೇಮ್‌ನ ಕ್ರ್ಯಾಕ್, ಚೀಟ್ ಅಂತ ಸಿಗುವ ಫೈಲುಗಳಲ್ಲಿ ‘ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ’ ಅಂತ ಬರೆದಿರುತ್ತಾರೆ. ಆ ಒಂದು ಸಾಲು ಕಂಡರೆ ಅಲ್ಲೇ ನಿಲ್ಲಬೇಕು ಅಂತ ಅವನಿಗೆ ಕೂರಿಸಿಕೊಂಡು ಹೇಳಿ. ಬೈಯಬೇಡಿ. ಬೈದರೆ ಮುಂದಿನ ಸಲ ಏನಾದರೂ ಆದಾಗ ಮುಚ್ಚಿಡುತ್ತಾನೆ.

ಇನ್ನೊಂದು ಹೊಸ ಉಪಾಯ ಬಂದಿದೆ. 2024ರಿಂದ ತುಂಬ ಹರಡಿದೆ. ಸೈಟ್ ತೆರೆದರೆ ‘ನೀವು ಮನುಷ್ಯರೇ ಅಂತ ಸಾಬೀತು ಮಾಡಿ’ ಅನ್ನುತ್ತದೆ. ವಿಂಡೋಸ್ ಕೀಲಿ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ ಅಂತ ಮೂರು ಹೆಜ್ಜೆ ಕೊಡುತ್ತದೆ. ನೀವು ಒತ್ತುವಾಗ ಅಂಟಿಕೊಳ್ಳುವುದು ಅವರು ಮೊದಲೇ ಕಾಪಿ ಮಾಡಿಟ್ಟ ಕಮಾಂಡ್. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಕದಿಯುವ ಪ್ರೋಗ್ರಾಮನ್ನು ನಿಮ್ಮ ಕೈಯಿಂದಲೇ ತರಿಸಿಕೊಳ್ಳುತ್ತಾರೆ. ಯಾವ ಸೈಟೂ ನಿಜವಾಗಿ ಹೀಗೆ ಕೇಳುವುದಿಲ್ಲ. ಮೂವರಿಗೂ ಹೇಳಿ.

ಅಂಕಿಅಂಶ:

ಸ್ಕ್ರೂಡ್ರೈವರ್ ಅವರು ಹೇಳಿದ್ದರಲ್ಲಿ ಬಹಳಷ್ಟು ಒಪ್ಪುತ್ತೇನೆ. ಆದರೆ ಎಲ್ಲರಿಗೂ ಡಿಫೆಂಡರ್ ಸಾಕು ಅನ್ನುವುದನ್ನು ಒಪ್ಪಲಾರೆ. ನಾನು ದುಡ್ಡು ಕೊಟ್ಟೇ ಬಳಸುತ್ತೇನೆ, ಏಳು ವರ್ಷವಾಯಿತು. ಕಾರಣ ಇದೆ. ಅಪ್ಪ ಅಮ್ಮ ಬೇರೆ ಊರಿನಲ್ಲಿದ್ದಾರೆ. ನಮ್ಮ ಎರಡು ಲ್ಯಾಪ್‌ಟಾಪ್, ಅವರದೊಂದು, ನಾಲ್ಕು ಫೋನ್, ಎಲ್ಲದರ ಸ್ಥಿತಿ ನನಗೆ ಒಂದೇ ಕಡೆ ಕಾಣುತ್ತದೆ. ಅಮ್ಮನ ಕಂಪ್ಯೂಟರ್ ಹತ್ತು ದಿನದಿಂದ ಅಪ್‌ಡೇಟ್ ಆಗಿಲ್ಲ ಅಂತ ಇಲ್ಲಿ ಕೂತೇ ಗೊತ್ತಾಗುತ್ತದೆ. ಮಕ್ಕಳು ಯಾವ ಸೈಟ್ ನೋಡಬಹುದು ಅನ್ನುವುದನ್ನೂ ಅಲ್ಲೇ ಹಾಕಿಟ್ಟಿದ್ದೇನೆ. ಮೈಕ್ರೋಸಾಫ್ಟ್‌ನವರ ಫ್ಯಾಮಿಲಿ ಸೇಫ್ಟಿ ಉಚಿತವಾಗಿ ಸಿಗುತ್ತದೆ ನಿಜ, ಆದರೆ ಅದರ ಸೈಟ್ ಸೋಸುವ ಕೆಲಸ ಎಡ್ಜ್ ಬ್ರೌಸರಿನಲ್ಲಿ ಮಾತ್ರ. ನಮ್ಮ ಮಕ್ಕಳು ಎಡ್ಜ್ ಮುಟ್ಟುವುದಿಲ್ಲ.

ಕೊಳ್ಳುವುದಾದರೆ ನೋಡಿಕೊಳ್ಳಬೇಕಾದದ್ದು ಬೇರೆಯೇ ಇದೆ. ಆಂಟಿವೈರಸ್ ಅನ್ನುವುದು ನಿಮ್ಮ ಕಂಪ್ಯೂಟರ್‌ನಲ್ಲಿ ಬೇರೆಲ್ಲ ಪ್ರೋಗ್ರಾಂಗಳಿಗಿಂತ ಆಳದಲ್ಲಿ ಕೂರುವಂಥದ್ದು. ಪ್ರತಿ ಫೈಲನ್ನೂ ನೋಡುತ್ತದೆ, ಎಷ್ಟೋ ಸಲ ನೀವು ಹೋಗುವ ಪ್ರತಿ ಸೈಟನ್ನೂ ನೋಡುತ್ತದೆ. ಆದ್ದರಿಂದ ಅದನ್ನು ಮಾಡಿದವರು ಯಾರು, ನೋಡಿದ್ದನ್ನು ಏನು ಮಾಡುತ್ತಾರೆ ಅನ್ನುವುದು ಅಂಕಗಳಷ್ಟೇ ಮುಖ್ಯ. ಅವಾಸ್ಟ್ ಅನ್ನುವ ಆಂಟಿವೈರಸ್ ಕಂಪನಿಯ ಉದಾಹರಣೆ ಕಣ್ಣ ಮುಂದೆಯೇ ಇದೆ. ಬಳಕೆದಾರರು ಯಾವ ಯಾವ ಸೈಟಿಗೆ ಹೋದರು ಅನ್ನುವ ಮಾಹಿತಿಯನ್ನು ಜಂಪ್‌ಶಾಟ್ ಅನ್ನುವ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. 2020ರ ಜನವರಿಯಲ್ಲಿ ಅದು ಪತ್ರಿಕೆಗಳಲ್ಲಿ ಬಯಲಾದ ಮೇಲೆ ಜಂಪ್‌ಶಾಟನ್ನು ಮುಚ್ಚಿದರು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1 ಕೋಟಿ 65 ಲಕ್ಷ ಡಾಲರ್ ಕಟ್ಟುವಂತೆ ಹೇಳಿ, ಜಾಹೀರಾತಿಗಾಗಿ ಅಂಥ ಮಾಹಿತಿ ಮಾರಬಾರದು ಅಂತ ತಡೆಯಿತು. ವೈರಸ್ ಹಿಡಿಯುವ ಪರೀಕ್ಷೆಗಳಲ್ಲಿ ಅವಾಸ್ಟ್ ಒಳ್ಳೆಯ ಅಂಕವನ್ನೇ ತೆಗೆಯುತ್ತಿತ್ತು ಅನ್ನುವುದನ್ನೂ ಹೇಳಬೇಕು. ಅದಕ್ಕೇ ಬರೀ ಅಂಕ ನೋಡಿದರೆ ಸಾಲದು.

ಇನ್ನೊಂದು, ಅದೇ ವರ್ಷ ಜೂನ್‌ನಲ್ಲಿ ಅಮೆರಿಕ ಸರ್ಕಾರ ರಷ್ಯಾದ ಕ್ಯಾಸ್ಪರ್‌ಸ್ಕಿ ಆಂಟಿವೈರಸ್‌ನ ಮಾರಾಟವನ್ನೇ ತಮ್ಮ ದೇಶದಲ್ಲಿ ನಿಷೇಧಿಸಿತು. ಸೆಪ್ಟೆಂಬರ್ 29ರ ನಂತರ ಅಲ್ಲಿನವರಿಗೆ ಅಪ್‌ಡೇಟೂ ಇಲ್ಲ. ದುಡ್ಡು ಕಟ್ಟಿ ಕೂತವರು ಬೇರೆಯದಕ್ಕೆ ಹೋಗಬೇಕಾಯಿತು. ಸರಿ ತಪ್ಪು ನಾನು ಹೇಳುತ್ತಿಲ್ಲ. ಒಂದೇ ಸಲ ಮೂರು ವರ್ಷಕ್ಕೆ ಕಟ್ಟಬೇಡಿ ಅಂತಷ್ಟೇ.

ಆಟೋ ರಿನ್ಯೂವಲ್ ಕೊಂಡ ದಿನವೇ ಆಫ್ ಮಾಡಿ. ಮೊದಲ ವರ್ಷದ ದರವೇ ಎರಡನೇ ವರ್ಷಕ್ಕೂ ಇರುತ್ತದೆ ಅಂತ ತಿಳಿಯಬೇಡಿ. ಜೊತೆಗೆ ಬರುವ ವಿಪಿಎನ್, ರಿಜಿಸ್ಟ್ರಿ ಕ್ಲೀನರ್, ಸ್ಪೀಡ್ ಬೂಸ್ಟರ್ ಇವುಗಳನ್ನು ನೋಡಿ ಆರಿಸಬೇಡಿ. ಅವು ಡಬ್ಬ ದೊಡ್ಡದು ಮಾಡಲು ತುಂಬಿದವು.

ಸ್ಕ್ರೂಡ್ರೈವರ್:

ಸರ್, ದೂರದಲ್ಲಿರುವ ಅಮ್ಮನ ಕಂಪ್ಯೂಟರಿನ ಮಾತು ನನಗೂ ಒಪ್ಪಿಗೆ. ಅಂಥ ಮನೆಗೆ ದುಡ್ಡು ಕೊಟ್ಟದ್ದು ದಂಡವಲ್ಲ. ಮಲ್ಲಿಗೆಬಳ್ಳಿ ಮೇಡಂ ಮನೆಯಲ್ಲಿ ಮೂವರೂ ಒಂದೇ ಯಂತ್ರದ ಮುಂದೆ ಇದ್ದಾರಲ್ಲ, ಅದಕ್ಕೇ ಬೇಡ ಅಂದೆ.

ನೀಲಿಶಾಯಿ:

ಅಕ್ಕ, ನಿಮ್ಮ ಅಪ್ಪನ ಚೀಟಿಯ ಬಗ್ಗೆ ಓದಿ ಬರೆಯಲೇಬೇಕು ಅನ್ನಿಸಿತು. ಆಂಟಿವೈರಸ್ ಯಾವುದು ಅಂತ ಹೇಳುವಷ್ಟು ನನಗೆ ಗೊತ್ತಿಲ್ಲ. ನನಗಾದದ್ದನ್ನು ಹೇಳುತ್ತೇನೆ.

ಮೂರು ವರ್ಷದ ಹಿಂದೆ ನನ್ನ ತಮ್ಮ ಒಂದು ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರನ್ನು ದುಡ್ಡು ಕೊಡದೆ ಬಳಸಲು ಆಕ್ಟಿವೇಟರ್ ತಂದ. ಅದರಲ್ಲಿ ಮೇಲೆ ಹೇಳಿದ ಅದೇ ಸಾಲು ಇತ್ತು, ಆಂಟಿವೈರಸ್ ಆಫ್ ಮಾಡಿ ಅಂತ. ಮಾಡಿದ. ಸಾಫ್ಟ್‌ವೇರ್ ಕೆಲಸ ಮಾಡಿತು, ಖುಷಿಯಾಯಿತು. ಮರುದಿನ ಬೆಳಿಗ್ಗೆ ಫೋಟೊ ಫೋಲ್ಡರ್ ತೆರೆದರೆ ಒಂದು ಚಿತ್ರವೂ ಕಾಣುತ್ತಿಲ್ಲ. ಎಲ್ಲ ಬಿಳಿ ಕಾಗದದ ಗುರುತು. ಪ್ರತಿ ಫೈಲಿನ ಹೆಸರಿನ ಕೊನೆಗೆ ನಾಲ್ಕು ಅಕ್ಷರದ ಹೊಸ ಬಾಲ. ಪ್ರತಿ ಫೋಲ್ಡರ್‌ನಲ್ಲೂ ಒಂದೊಂದು ಟೆಕ್ಸ್ಟ್ ಫೈಲ್, ದುಡ್ಡು ಕೊಟ್ಟರೆ ಬಿಡಿಸಿಕೊಡುತ್ತೇವೆ ಅಂತ.

ನನ್ನ ಹತ್ತಿರ ಬ್ಯಾಕಪ್ ಇತ್ತು ಅಕ್ಕ. ಎಕ್ಸ್‌ಟರ್ನಲ್ ಡ್ರೈವ್‌ನಲ್ಲಿ ಎಲ್ಲ ಇಟ್ಟಿದ್ದೆ. ಆದರೆ ಅದು ಯಾವಾಗಲೂ ಕಂಪ್ಯೂಟರಿಗೆ ಚುಚ್ಚಿಯೇ ಇರುತ್ತಿತ್ತು. ರಾತ್ರಿ ಅದರೊಳಗಿನದನ್ನೂ ಬೀಗ ಹಾಕಿತ್ತು. ನನ್ನ ಮಗಳ ಮೊದಲ ಆರು ವರ್ಷದ ಫೋಟೊ ಅದರಲ್ಲಿದ್ದವು. ಈಗ ನನ್ನ ಹತ್ತಿರ ಇರುವುದು ಬೇರೆಯವರಿಗೆ ಆಗಾಗ ಕಳಿಸಿದ್ದ ಇನ್ನೂರು ಚಿಲ್ಲರೆ ಮಾತ್ರ, ಅದೂ ಮಸುಕು ಮಸುಕು.

ದುಡ್ಡು ಕೊಡಲಿಲ್ಲ. ಕೊಟ್ಟರೂ ಬಿಡಿಸುತ್ತಾರೆ ಅನ್ನುವ ಭರವಸೆ ಇರಲಿಲ್ಲ. ನೋ ಮೋರ್ ರಾನ್ಸಮ್ ಅಂತ ಒಂದು ಸೈಟ್ ಇದೆ. ಯುರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಮತ್ತು ಎರಡು ಸೆಕ್ಯುರಿಟಿ ಕಂಪನಿಗಳು ಸೇರಿ 2016ರಲ್ಲಿ ಶುರು ಮಾಡಿದ್ದು. ಕೆಲವು ಬಗೆಯ ಬೀಗಗಳಿಗೆ ಕೀಲಿಯನ್ನು ಉಚಿತವಾಗಿ ಕೊಡುತ್ತಾರೆ. ನನ್ನದಕ್ಕೆ ಇನ್ನೂ ಸಿಕ್ಕಿಲ್ಲ. ಡ್ರೈವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದೇನೆ, ಆರು ತಿಂಗಳಿಗೊಮ್ಮೆ ಹೋಗಿ ನೋಡುತ್ತೇನೆ.

ಡ್ರೈವ್ ತೆಗೆದಿಡಿ ಅಕ್ಕ. ಕಾಪಿ ಆದ ತಕ್ಷಣ ಎಳೆದು ತೆಗೆದಿಡಿ.

ಸ್ಕ್ರೂಡ್ರೈವರ್:

ನೀಲಿಶಾಯಿ ಅವರೇ, ಆ ಡ್ರೈವನ್ನು ಯಾವ ಕಾರಣಕ್ಕೂ ಫಾರ್ಮ್ಯಾಟ್ ಮಾಡಬೇಡಿ. ಎಷ್ಟೋ ವರ್ಷದ ಮೇಲೆ ಪೊಲೀಸರು ಸರ್ವರ್ ಹಿಡಿದು ಕೀಲಿಗಳು ಹೊರಬಂದದ್ದುಂಟು. ಜೊತೆಗೆ ಆ ಟೆಕ್ಸ್ಟ್ ಫೈಲ್ ಒಂದನ್ನು ಉಳಿಸಿಕೊಳ್ಳಿ, ಯಾವ ಬಗೆಯ ಬೀಗ ಅಂತ ಗುರುತು ಹಿಡಿಯಲು ಅದು ಬೇಕು.

ಮೇಡಂ, ಇದನ್ನು ಓದಿದ ಮೇಲೆ ನಾನು ಮೊದಲ ಉತ್ತರದಲ್ಲಿ ಬಿಟ್ಟದ್ದನ್ನು ಹೇಳಲೇಬೇಕು. ಒಳ್ಳೆಯ ಆಂಟಿವೈರಸ್ ಕೂಡ ಒಂದು ದಿನ ತಪ್ಪುತ್ತದೆ. ಆ ದಿನಕ್ಕೆ ಬೇಕಾಗುವುದು ಬ್ಯಾಕಪ್. ಹಳೇ ಲೆಕ್ಕ ಹೀಗಿದೆ: ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಜಾಗದಲ್ಲಿ, ಅದರಲ್ಲಿ ಒಂದು ಮನೆಯಿಂದ ಹೊರಗೆ. ನಿಮಗೆ ಲ್ಯಾಪ್‌ಟಾಪ್‌ನಲ್ಲಿ ಒಂದು, ವಾರಕ್ಕೊಮ್ಮೆ ಚುಚ್ಚಿ ತೆಗೆದಿಡುವ ಡ್ರೈವ್‌ನಲ್ಲಿ ಒಂದು, ಕ್ಲೌಡ್‌ನಲ್ಲಿ ಒಂದು ಅಂದರೆ ಆಯಿತು. ಕ್ಲೌಡ್ ಹಳೆಯ ಪ್ರತಿಗಳನ್ನೂ ಇಟ್ಟುಕೊಳ್ಳುವಂಥದ್ದಾಗಿರಲಿ. ಲ್ಯಾಪ್‌ಟಾಪ್‌ನಲ್ಲಿ ಈಗ ಇರುವುದನ್ನೇ ಹಾಗೇ ನಕಲು ಮಾಡುವಂಥದ್ದಾದರೆ ಬೀಗ ಬಿದ್ದ ಫೈಲೇ ಅಲ್ಲಿಗೂ ಹೋಗಿ ಕೂರುತ್ತದೆ.

ಡಿಫೆಂಡರ್‌ನಲ್ಲೇ ಇನ್ನೊಂದು ಸ್ವಿಚ್ ಇದೆ, ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್. ಹೀಗೆ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ಪ್ರೋಗ್ರಾಮನ್ನೇ ರಾನ್ಸಮ್‌ವೇರ್ ಅನ್ನುವುದು. ಸ್ವಿಚ್ ರಾನ್ಸಮ್‌ವೇರ್ ಪ್ರೊಟೆಕ್ಷನ್ ಅನ್ನುವ ಕಡೆ ಸಿಗುತ್ತದೆ. ತಾನಾಗಿ ಆನ್ ಇರುವುದಿಲ್ಲ, ನಾವೇ ಮಾಡಬೇಕು. ಗುರುತಿಲ್ಲದ ಪ್ರೋಗ್ರಾಂ ಯಾವುದೂ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳಲ್ಲಿ ಬರೆಯದ ಹಾಗೆ ತಡೆಯುತ್ತದೆ.

ಕಿಟಕಿಬದಿ:

ಮಧ್ಯದಲ್ಲಿ ಬಂದೆ, ಕ್ಷಮಿಸಿ. ನನ್ನದು ವಿಂಡೋಸ್ 10. ಯಂತ್ರ ಹಳೆಯದು, 11 ಹಾಕಲು ಬರುವುದಿಲ್ಲ ಅಂತ ತೋರಿಸುತ್ತಿದೆ. ಒಳ್ಳೆಯ ಆಂಟಿವೈರಸ್ ಹಾಕಿಕೊಂಡರೆ ಹೀಗೇ ಮುಂದುವರಿಯಬಹುದಾ?

ಸ್ಕ್ರೂಡ್ರೈವರ್:

ಬಹಳ ಜನ ಹಾಗೆ ಅಂದುಕೊಂಡಿದ್ದಾರೆ, ಅದು ಸರಿಯಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಅಕ್ಟೋಬರ್ 14, 2025ಕ್ಕೆ ಮುಗಿಯಿತು. ಅಪ್‌ಡೇಟ್ ಮಾಡುವ ಕೆಲಸವನ್ನು ಆಂಟಿವೈರಸ್ ಮಾಡಲಾರದು. ಗೋಡೆಯಲ್ಲೇ ಬಿರುಕು ಬಿಟ್ಟಿದ್ದರೆ ಬಾಗಿಲಿಗೆ ಕಾವಲು ಹಾಕಿ ಏನು ಪ್ರಯೋಜನ, ಅಲ್ವಾ?

ವಾನಾಕ್ರೈ ಅನ್ನುವ ರಾನ್ಸಮ್‌ವೇರ್ ನೆನಪಿರಬಹುದು. ಅದು ಹರಡಿದ್ದು 2017ರ ಮೇ 12ರಂದು. ಅದು ಬಳಸಿದ ಬಿರುಕನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಮುಚ್ಚಿತ್ತು. ಎರಡು ತಿಂಗಳು ಸಮಯ ಇತ್ತು. ಆ ಅಪ್‌ಡೇಟ್ ಹಾಕಿಕೊಂಡಿದ್ದ ಕಂಪ್ಯೂಟರ್‌ಗಳಿಗೆ ಅದು ನೆಟ್‌ವರ್ಕ್‌ನಿಂದ ನುಗ್ಗಲಾಗಲಿಲ್ಲ. ಹಾಕಿಕೊಳ್ಳದ ಲಕ್ಷಾಂತರ ಯಂತ್ರಗಳು ಒಂದೆರಡು ದಿನದಲ್ಲೇ ಬಿದ್ದವು, ಯಾರೂ ಯಾವ ಲಿಂಕನ್ನೂ ಒತ್ತದೆ.

ಮೈಕ್ರೋಸಾಫ್ಟ್ ಮನೆ ಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆ ಕೊಟ್ಟಿದೆ, ಅಕ್ಟೋಬರ್ 13, 2026ರ ತನಕ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳಬಹುದು. ಆ ಯಂತ್ರದಲ್ಲಿ ಬ್ರೌಸರ್ ಬಿಟ್ಟು ಬೇರೆ ಏನೂ ಬಳಸುವುದಿಲ್ಲ ಅನ್ನುವುದಾದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಿ. ಹಳೇ ಯಂತ್ರದಲ್ಲೂ ಚೆನ್ನಾಗಿ ಓಡುತ್ತದೆ.

ಮಲ್ಲಿಗೆಬಳ್ಳಿ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಭಾನುವಾರ ಪೂರ್ತಿ ಇದಕ್ಕೇ ಕೂತೆವು.

ಸ್ಕ್ರೂಡ್ರೈವರ್ ಸರ್, ನೀವು ಹೇಳಿದ ಹಾಗೇ ಇತ್ತು. ಚೌಕ ಬಂದಾಗ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಸಣ್ಣ ಬೂದು ಅಕ್ಷರದಲ್ಲಿ ಕ್ರೋಮ್ ಅಂತ ಇತ್ತು, ಪಕ್ಕದಲ್ಲಿ ಅರ್ಥವಿಲ್ಲದ ಅಕ್ಷರಗಳ ಒಂದು ವಿಳಾಸ. ಪಟ್ಟಿ ತೆರೆದರೆ ಹನ್ನೊಂದು ಸೈಟ್. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದನ್ನೂ ಓದಿ ಹೇಳಿದೆ, ತೆಗೆಯುವ ಬಟನ್ ಅವರೇ ಒತ್ತಿದರು. ಏಳನೆಯದು ಬಂದಾಗ ‘ಇದು ಹಾಡು ಕೇಳೋದು, ಅಲೋ ಕೊಟ್ರೇನೇ ಹಾಡು ಬರುತ್ತೆ ಅಂದಿತ್ತು’ ಅಂದರು. ಅದನ್ನು ತೆಗೆದ ಮೇಲೂ ಹಾಡು ಬಂತು. ಅವರ ಮುಖ ನೋಡಬೇಕಿತ್ತು. ಮಂಗಳವಾರದ ತನಕ ಒಂದೂ ಚೌಕ ಬಂದಿಲ್ಲ.

ಟ್ರಯಲ್ ತೆಗೆದೆ. ಒಂದು ಸಲಕ್ಕೆ ಹೋಗಲಿಲ್ಲ, ಅವರದೇ ಟೂಲ್ ತಂದು ತೆಗೆಯಬೇಕಾಯಿತು. ರೀಸ್ಟಾರ್ಟ್ ಆದ ಮೇಲೆ ಡಿಫೆಂಡರ್ ತಾನಾಗಿ ಬಂತು, ಹಸಿರು ಗುರುತು ಕಂಡಿತು. ಆಫ್‌ಲೈನ್ ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ಆಮೇಲೆ ಮಾಡಿದ ಫುಲ್ ಸ್ಕ್ಯಾನ್‌ನಲ್ಲಿ ಮಗನ ಡೌನ್‌ಲೋಡ್ಸ್‌ನಿಂದ ಎರಡು ಫೈಲ್ ಹಿಡಿಯಿತು. ಬೈಯಲಿಲ್ಲ ಸರ್. ಅವನೇ ಬಂದು ಇನ್ನೊಂದು ಫೈಲ್ ಪೆನ್‌ಡ್ರೈವ್‌ನಲ್ಲಿದೆ ಅಂತ ತಂದುಕೊಟ್ಟ.

ನೀಲಿಶಾಯಿ, ನಿಮ್ಮ ಮಾತು ಓದಿ ಅವತ್ತು ರಾತ್ರಿಯೇ ಫೋಟೊ, ಲೆಕ್ಕ ಎಲ್ಲ ಡ್ರೈವ್‌ಗೆ ಹಾಕಿ ಎಳೆದು ತೆಗೆದಿಟ್ಟೆ. ನಿಮ್ಮದಕ್ಕೆ ಕೀಲಿ ಸಿಗಲಿ ಅಂತ ಮನಸಾರೆ ಬೇಡಿಕೊಳ್ಳುತ್ತೇನೆ.

ಒಂದು ತೊಂದರೆ ಉಳಿದಿದೆ. ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಮಾಡಿದ ಮೇಲೆ ನನ್ನ ಲೆಕ್ಕದ ಸಾಫ್ಟ್‌ವೇರ್ ಸೇವ್ ಆಗುತ್ತಿಲ್ಲ. ‘ಅನಧಿಕೃತ ಬದಲಾವಣೆ ತಡೆಯಲಾಗಿದೆ’ ಅನ್ನುವ ಅರ್ಥದ ಸಂದೇಶ ಬರುತ್ತದೆ. ಆಫ್ ಮಾಡಿಬಿಡಲಾ?

ಸ್ಕ್ರೂಡ್ರೈವರ್:

ಆಫ್ ಮಾಡಬೇಡಿ ಮೇಡಂ. ಅದು ನಿಮ್ಮ ಸಾಫ್ಟ್‌ವೇರಿನ ಗುರುತು ಹಿಡಿದಿಲ್ಲ, ಅಷ್ಟೇ. ಅದೇ ಪುಟದಲ್ಲಿ ‘ಅಲೋ ಆ್ಯನ್ ಆಪ್’ ಅಂತ ಒಂದು ಸಾಲು ಇದೆ. ಅದರೊಳಗೆ ‘ಈಚೆಗೆ ತಡೆದ ಆಪ್‌ಗಳು’ ಅನ್ನುವ ಅರ್ಥದ ಆಯ್ಕೆ ಒತ್ತಿದರೆ ನಿಮ್ಮ ಸಾಫ್ಟ್‌ವೇರ್ ಹೆಸರು ಕಾಣುತ್ತದೆ. ಪಕ್ಕದ ಕೂಡಿಸುವ ಗುರುತು ಒತ್ತಿ. ಬೇರೆ ಯಾವುದಾದರೂ ಗೊತ್ತಿಲ್ಲದ ಹೆಸರು ಅಲ್ಲಿದ್ದರೆ ಒತ್ತಬೇಡಿ, ಇಲ್ಲಿ ಬರೆಯಿರಿ. ಲೆಕ್ಕದ ಡೇಟಾ ಡಾಕ್ಯುಮೆಂಟ್ಸ್ ಬಿಟ್ಟು ಬೇರೆ ಕಡೆಯೂ ಇದ್ದರೆ ಆ ಫೋಲ್ಡರನ್ನೂ ‘ಪ್ರೊಟೆಕ್ಟೆಡ್ ಫೋಲ್ಡರ್ಸ್’ ಪಟ್ಟಿಗೆ ಸೇರಿಸಿ. ಇಲ್ಲದಿದ್ದರೆ ಅದಕ್ಕೆ ಈ ಕಾವಲು ಇರುವುದಿಲ್ಲ.

ಇನ್ನೊಂದು ಕೇಳುತ್ತೇನೆ. ಡ್ರೈವ್‌ಗೆ ಹಾಕಿದ್ದನ್ನು ವಾಪಸ್ ತೆರೆದು ನೋಡಿದ್ದೀರಾ? ಬ್ಯಾಕಪ್ ಇದೆ ಅಂತ ನಂಬಿಕೊಂಡು, ಬೇಕಾದಾಗ ತೆರೆದರೆ ಖಾಲಿ ಫೋಲ್ಡರ್ ಕಂಡವರನ್ನು ನೋಡಿದ್ದೇನೆ. ಶಾರ್ಟ್‌ಕಟ್ ಮಾತ್ರ ಕಾಪಿ ಮಾಡಿಕೊಂಡಿರುತ್ತಾರೆ.

ಮಲ್ಲಿಗೆಬಳ್ಳಿ:

ಲೆಕ್ಕದ ಸಾಫ್ಟ್‌ವೇರ್ ಸರಿಹೋಯಿತು ಸರ್. ಪಟ್ಟಿಯಲ್ಲಿ ಅದೊಂದೇ ಹೆಸರು ಇತ್ತು.

ಡ್ರೈವನ್ನು ಈಗ ಚುಚ್ಚಿ ನೋಡಿದೆ. ಫೋಟೊಗಳು ಎಲ್ಲ ತೆರೆದವು. ಆದರೆ ಲೆಕ್ಕದ್ದು ನೀವು ಹೇಳಿದ ಹಾಗೇ ಆಗಿತ್ತು, ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್ ಒಂದು ಕಾಪಿ ಆಗಿತ್ತು, ಡೇಟಾ ಇರಲಿಲ್ಲ. ಕೇಳದೇ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಸಾಫ್ಟ್‌ವೇರಿನಲ್ಲೇ ಇದ್ದ ಬ್ಯಾಕಪ್ ಆಯ್ಕೆಯಿಂದ ತೆಗೆದು, ಈಗ ಎರಡನೇ ಸಲ ಹಾಕಿದ್ದೇನೆ. ಕಳೆದ ತಿಂಗಳ ಲೆಕ್ಕವನ್ನು ಅದರಿಂದ ವಾಪಸ್ ತಂದು ನೋಡಿದೆ, ಕೊನೆಯ ಸಾಲಿನ ಮೊತ್ತದವರೆಗೂ ತಾಳೆಯಾಯಿತು. ಡ್ರೈವ್ ತೆಗೆದು ಬೀರುವಿಗೆ ಹಾಕಿದೆ.